ನೆಲದ ಮೇಲಣ ನಕ್ಷತ್ರ

ಕಳ್ಳಿಯೆಂದೊಡನೆ ಎಲ್ಲರ ನೆನಪಿಗೂ ಮೊದಲು ಬರುವುದು ಮುಳ್ಳು. ಹೊಲದ ಬೇಲಿಯಲ್ಲಿ, ಹಾಳುಬಿದ್ದ ಕೋಟೆಯ ಕಂದಕದಲ್ಲಿ, ಊರಾಚೆಯ ಬೀಳುಭೂಮಿಯಲ್ಲಿ ಯಾರ ಆರೈಕೆಯನ್ನೂ ಬಯಸದೆ ಬೆಳೆಯುವ ಈ ಗಿಡವನ್ನು ಅಕ್ಕರೆಯಿಂದ ಕಂಡವರು ವಿರಳ. ನಮ್ಮ ಅಂಗಳದಲ್ಲಿ ತುಳಸಿಗೆ ಕಟ್ಟೆಯುಂಟು, ಮಲ್ಲಿಗೆಗೆ ಚಪ್ಪರವುಂಟು. ಕಳ್ಳಿಗೆ ದೊರೆತುದು ಬೇಲಿಯ ಕಾವಲು ಮಾತ್ರ. ಇಂತಹ ಗಿಡಗಳ ನಡುವೆ ಒಂದೇ ಒಂದು ಮುಳ್ಳೂ ಇಲ್ಲದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ, ಯಾರೋ ಬಿಡುವಾಗಿ ಕುಳಿತು ಬಿಡಿಸಿದ ಚುಕ್ಕಿರಂಗೋಲಿಯಂತಹ ಸಸ್ಯವೊಂದಿದೆಯೆಂದರೆ ನಂಬುವುದು ಕಷ್ಟ. ಅದನ್ನು ಮೊದಲ ಬಾರಿಗೆ ಕಂಡವರಿಗೆ ಇದು ಗಿಡವೋ ಕಲ್ಲಿನ ಕೆತ್ತನೆಯೋ ಎಂಬ ಸಂದೇಹ ಕ್ಷಣಕಾಲ ಮೂಡದಿರದು.

ಆ ಗಿಡದ ಶಾಸ್ತ್ರೀಯ ಹೆಸರು ಆಸ್ಟ್ರೋಫೈಟಮ್ ಆಸ್ಟೀರಿಯಾಸ್. ಗ್ರೀಕ್ ಮೂಲದ ಈ ಎರಡು ಪದಗಳಲ್ಲಿಯೂ ನಕ್ಷತ್ರವೇ ಇದೆ: ಮೊದಲನೆಯದಕ್ಕೆ ‘ನಕ್ಷತ್ರಸಸ್ಯ’ವೆಂದೂ ಎರಡನೆಯದಕ್ಕೆ ‘ನಕ್ಷತ್ರದಂತಿರುವುದು’ ಎಂದೂ ಅರ್ಥ. ಇಂಗ್ಲಿಷಿನಲ್ಲಿ ಇದು ಸ್ಟಾರ್ ಕ್ಯಾಕ್ಟಸ್; ಜಪಾನೀಯರು ತಮ್ಮ ಹಿಂದಿನ ಯೋಧರ ಶಿರಸ್ತ್ರಾಣವನ್ನು ನೆನೆದು ಇದನ್ನು ‘ಕಬುತೊ’ ಎಂದು ಕರೆದಿದ್ದಾರೆ. ಕನ್ನಡದಲ್ಲಿ ನಕ್ಷತ್ರಕಳ್ಳಿ ಎಂದರೆ ಹೆಸರಿಗೂ ರೂಪಕ್ಕೂ ಒಪ್ಪುತ್ತದೆ.

ಈ ನಕ್ಷತ್ರಕಳ್ಳಿಯ ಬಾಳಿನಲ್ಲಿ ಒಂದು ವಿಚಿತ್ರವಾದ ವಿರೋಧವಿದೆ. ಹಲವು ದೇಶಗಳ ಗಾಜಿನ ಮನೆಗಳಲ್ಲಿ, ಮಹಡಿಗಳ ಮೇಲೆ, ಕಿಟಕಿಯ ಅಂಚುಗಳಲ್ಲಿ ಇಂದು ಇದು ಧಾರಾಳವಾಗಿ ಬೆಳೆಯುತ್ತಿದೆ. ಹುಟ್ಟಿದ ನೆಲದಲ್ಲಿ ಮಾತ್ರ ಇದರ ಸಂತಾನ ಅಳಿವಿನ ಅಂಚಿಗೆ ಬಂದು ನಿಂತಿದೆ. ಕುಂಡದಲ್ಲಿ ಸುಲಭವಾದುದು ಕಾಡಿನಲ್ಲಿ ದುರ್ಲಭವಾದುದಾದರೂ ಹೇಗೆ? ಮನುಷ್ಯನ ಮೋಹವೇ ಒಂದು ಗಿಡಕ್ಕೆ ಮೃತ್ಯುವೂ ಆಗಬಲ್ಲುದು, ಆಶ್ರಯವೂ ಆಗಬಲ್ಲುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಅಪರೂಪ.

ಎರಡು ಕುಲದ ಕಳ್ಳಿಗಳು

ನಮ್ಮ ನಾಡಿನಲ್ಲಿ ಕಳ್ಳಿಯೆಂದು ಕರೆಯುವ ಗಿಡಗಳೆಲ್ಲವೂ ಒಂದೇ ಕುಲದವಲ್ಲ. ಮುರಿದರೆ ಬಿಳಿಯ ಹಾಲನ್ನು ಸುರಿಸುವ ಬೇಲಿಯ ಕಳ್ಳಿಗಳು ಯೂಫೋರ್ಬಿಯಾ ಜಾತಿಗೆ ಸೇರಿದವು. ಸಸ್ಯಶಾಸ್ತ್ರದ ವಂಶಾವಳಿಯಲ್ಲಿ ಅವು ಔಡಲಕ್ಕೆ ನೆಂಟರು. ನಿಜವಾದ ಕ್ಯಾಕ್ಟಸ್ ಕುಟುಂಬದ ಮೂಲ ನೆಲೆ ಅಮೆರಿಕ ಖಂಡಗಳು. ಆಫ್ರಿಕದಲ್ಲಿಯೂ ಶ್ರೀಲಂಕಾದಲ್ಲಿಯೂ ತಾನಾಗಿ ಬೆಳೆಯುವ ರಿಪ್ಸಾಲಿಸ್ ಜಾತಿಯ ಒಂದು ಬಗೆಯನ್ನು ಬಿಟ್ಟರೆ, ಉಳಿದ ಕ್ಯಾಕ್ಟಸ್‌ಗಳು ಬೇರೆಡೆಗೆ ಬಂದದ್ದೆಲ್ಲ ಮನುಷ್ಯನ ಕೈಯಿಂದಲೇ.

ಈ ಎರಡು ಕುಲಗಳನ್ನು ಬೇರ್ಪಡಿಸುವ ಗುರುತು ಸರಳವಾದುದು. ಕ್ಯಾಕ್ಟಸ್ಸಿನ ಮೈಮೇಲೆ ಅಲ್ಲಲ್ಲಿ ತುಪ್ಪುಳು ತುಂಬಿದ ಸಣ್ಣ ದಿಂಬಿನಂತಹ ಬಿಂದುಗಳಿರುತ್ತವೆ. ಸಸ್ಯವಿಜ್ಞಾನಿಗಳು ಇವನ್ನು ಅರಿಯೋಲ್ ಎನ್ನುತ್ತಾರೆ. ಮುಳ್ಳು ಹೊರಡುವುದೂ ಹೂವು ಅರಳುವುದೂ ಸಾಮಾನ್ಯವಾಗಿ ಈ ಬಿಂದುಗಳಿಂದಲೇ. ಯೂಫೋರ್ಬಿಯಾಗಳಲ್ಲಿ ಈ ಬಿಂದುಗಳಿಲ್ಲ.

ನಮಗೆ ಚಿರಪರಿಚಿತವಾದ ಪಾಪಾಸುಕಳ್ಳಿ ನಿಜವಾದ ಕ್ಯಾಕ್ಟಸ್. ಸಾಗರ ದಾಟಿ ಬಂದ ಅತಿಥಿ. ಬಂದ ಅತಿಥಿ ಮನೆಯ ಯಜಮಾನನೇ ಆಗಿ, ದಕ್ಷಿಣ ಭಾರತದ ವಿಸ್ತಾರವಾದ ಭೂಮಿಯನ್ನು ಮುಳ್ಳಿನ ಪೊದೆಯನ್ನಾಗಿ ಮಾಡಿತು. ಕೊನೆಗೆ 1926ರಲ್ಲಿ ಇದನ್ನು ತಿಂದು ಬದುಕುವ ಕೀಟವೊಂದನ್ನು ಶ್ರೀಲಂಕಾದಿಂದ ತರಿಸಿ ಬಿಟ್ಟ ಮೇಲೆಯೇ ಅದರ ಹಾವಳಿ ತಗ್ಗಿದುದು. ಒಂದು ಕುಟುಂಬದಲ್ಲಿ ಹುಟ್ಟಿದವರ ಹಣೆಯಬರಹ ಎಷ್ಟು ಬೇರೆಯಾಗಿರಬಹುದು! ಪಾಪಾಸುಕಳ್ಳಿ ಪರದೇಶವನ್ನೇ ಗೆದ್ದಿತು. ಅದರ ದಾಯಾದಿಯಾದ ನಕ್ಷತ್ರಕಳ್ಳಿಗೆ ತವರಿನಲ್ಲಿಯೇ ನೆಲೆ ತಪ್ಪುತ್ತಿದೆ.

ರೂಪವೂ ಸ್ವಭಾವವೂ

ಅಮೆರಿಕ ಸಂಯುಕ್ತ ಸಂಸ್ಥಾನದ ಟೆಕ್ಸಸ್ ರಾಜ್ಯಕ್ಕೂ ಮೆಕ್ಸಿಕೋ ದೇಶಕ್ಕೂ ನಡುವೆ ರಿಯೋ ಗ್ರ್ಯಾಂಡ್ ನದಿ ಹರಿಯುತ್ತದೆ. ಆ ನದಿಯ ಕೆಳದಂಡೆಯ ಕುರುಚಲು ಮುಳ್ಳುಗಾಡೇ ನಕ್ಷತ್ರಕಳ್ಳಿಯ ತವರು. ಟೆಕ್ಸಸಿನ ಸ್ಟಾರ್ ಕೌಂಟಿ, ಮೆಕ್ಸಿಕೋದ ತಮೌಲಿಪಾಸ್ ಮತ್ತು ನ್ಯೂವೋ ಲಿಯೋನ್ ರಾಜ್ಯಗಳು – ಇಷ್ಟೇ ಅದರ ಪ್ರಪಂಚ. ಬೇಸಿಗೆಯಲ್ಲಿ ಉರಿಬಿಸಿಲು, ಮಳೆ ಬಂದರೆ ಬಂತು, ಇಲ್ಲವಾದರೆ ಇಲ್ಲ. ಜಲ್ಲಿ ಬೆರೆತ ಜೇಡಿಮಣ್ಣು, ಅದರಲ್ಲಿಯೂ ಉಪ್ಪಿನಂಶ. ನಮ್ಮ ಬಯಲುಸೀಮೆಯ ಜಾಲಿಗಾಡನ್ನು ಕಂಡವರಿಗೆ ಆ ನೆಲವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ.

ಗಿಡಕ್ಕೆ ಎಲೆಯಿಲ್ಲ, ಕೊಂಬೆಯಿಲ್ಲ. ನೆಲಕ್ಕೆ ಒತ್ತಿಕೊಂಡ ಚಪ್ಪಟೆಯಾದ ಗುಂಡುಕಾಂಡವೇ ಸರ್ವಸ್ವ. ದೊಡ್ಡ ಗಿಡವೂ 15 ಸೆಂಟಿಮೀಟರಿಗಿಂತ ಅಗಲವಾಗುವುದು ಅಪರೂಪ. ಎತ್ತರವಂತೂ ಅದರ ಅರ್ಧಕ್ಕಿಂತ ಹೆಚ್ಚಿಲ್ಲ. ನಡುನೆತ್ತಿಯಿಂದ ಅಂಚಿನವರೆಗೆ ಎಳೆದ ಗೆರೆಗಳಂತೆ ಕಿರಿದಾದ ಕಣಿವೆಗಳು ಹರಿದು ಕಾಂಡವನ್ನು ಸಾಮಾನ್ಯವಾಗಿ ಎಂಟು ಭಾಗಗಳನ್ನಾಗಿ ಒಡೆಯುತ್ತವೆ. ಪ್ರತಿಯೊಂದು ಭಾಗದ ನಡುವೆಯೂ ಬೆಳ್ಳನೆಯ ತುಪ್ಪುಳಿನ ಬಿಂದುಗಳು ಒಂದು ಸಾಲಾಗಿ, ಅಳೆದಿಟ್ಟಂತೆ ಕುಳಿತಿರುತ್ತವೆ. ಮುಳ್ಳು ಇರಬೇಕಾದ ಸ್ಥಾನವೇ ಅದು, ಆದರೆ ಮುಳ್ಳಿಲ್ಲ. ಇದಲ್ಲದೆ ಮೈಯ ತುಂಬ ಅತಿಸಣ್ಣ ಬಿಳಿಯ ಚುಕ್ಕೆಗಳು. ಭೂತಗನ್ನಡಿ ಹಿಡಿದು ನೋಡಿದರೆ ಒಂದೊಂದು ಚುಕ್ಕೆಯೂ ಸೂಕ್ಷ್ಮ ರೋಮಗಳ ಒಂದು ಗೊಂಚಲೆಂದು ತಿಳಿಯುತ್ತದೆ. ಒಂದು ಗಿಡದಲ್ಲಿ ಚುಕ್ಕೆಗಳು ವಿರಳವಾಗಿದ್ದರೆ ಇನ್ನೊಂದರಲ್ಲಿ ಹಿಟ್ಟು ಚೆಲ್ಲಿದಂತೆ ದಟ್ಟವಾಗಿರುತ್ತವೆ.

ಮುಳ್ಳೆಂಬ ಆಯುಧವನ್ನೇ ಬಿಟ್ಟುಕೊಟ್ಟ ಗಿಡ ಬದುಕಿದುದು ಹೇಗೆ? ಮರೆಯಾಗುವ ವಿದ್ಯೆಯಿಂದ. ಮಳೆಯಿಲ್ಲದ ತಿಂಗಳುಗಳಲ್ಲಿ ಕಾಂಡದ ನೀರು ಕಡಮೆಯಾದಂತೆ ಗಿಡ ಕುಗ್ಗಿ, ನೆಲದ ಮಟ್ಟಕ್ಕೆ ಇಳಿದು, ಹಸುರು ಬಣ್ಣವನ್ನೂ ತೊರೆದು ಮಣ್ಣಿನ ಬಣ್ಣ ತಾಳುತ್ತದೆ. ಗಾಳಿ ತಂದ ಧೂಳು ಮೇಲೆ ಮುಸುಕಿದರೆ, ಕಾಲಬಳಿಯಲ್ಲಿಯೇ ಇದ್ದರೂ ಕಣ್ಣಿಗೆ ಬೀಳದು. ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು. ನೀರು ಹೀರಿ ಉಬ್ಬಿ ಮತ್ತೆ ಮೇಲೇಳುತ್ತದೆ. ದೊಡ್ಡ ಪೊದೆಗಳ ನೆರಳನ್ನು ಆಶ್ರಯಿಸಿ ಬೆಳೆಯುವುದೂ ಅದರ ಜಾಣ್ಮೆಯೇ. ಎಳೆಯ ಸಸಿಗೆ ಆ ಪೊದೆಯೇ ತಾಯಿಯಂತೆ ಬಿಸಿಲನ್ನು ತಡೆಯುತ್ತದೆ.

ಇತರ ಮರುಭೂಮಿಯ ಕ್ಯಾಕ್ಟಸ್‌ಗಳಂತೆ ಇದರ ಉಸಿರಾಟದ ಕ್ರಮವೂ ವಿಲಕ್ಷಣವಾದುದು. ಸಾಧಾರಣ ಗಿಡಗಳು ಹಗಲಿನಲ್ಲಿ ತಮ್ಮ ಸೂಕ್ಷ್ಮ ರಂಧ್ರಗಳನ್ನು ತೆರೆದು ಇಂಗಾಲಾಮ್ಲವಾಯುವನ್ನು ಒಳಕ್ಕೆ ತೆಗೆದುಕೊಳ್ಳುತ್ತವೆ; ಅದರೊಡನೆ ನೀರು ಆವಿಯಾಗಿ ಹೊರಕ್ಕೆ ಹೋಗುತ್ತದೆ. ನೀರೇ ಪ್ರಾಣವಾಗಿರುವ ಈ ಗಿಡಗಳಿಗೆ ಆ ದುಂದುವೆಚ್ಚ ಸಾಧ್ಯವಿಲ್ಲ. ಆದುದರಿಂದ ಅವು ರಾತ್ರಿಯ ತಂಪಿನಲ್ಲಿ ರಂಧ್ರಗಳನ್ನು ತೆರೆದು, ವಾಯುವನ್ನು ಒಂದು ಬಗೆಯ ಹುಳಿಯ ರೂಪದಲ್ಲಿ ಕೂಡಿಟ್ಟುಕೊಂಡು, ಬೆಳಗಾದ ಮೇಲೆ ಬಾಗಿಲು ಮುಚ್ಚಿ ಬೆಳಕಿನ ಸಹಾಯದಿಂದ ಅಡುಗೆ ಮಾಡಿಕೊಳ್ಳುತ್ತವೆ. ಇಂತಹ ಮಿತವ್ಯಯದಲ್ಲಿ ಬೆಳವಣಿಗೆ ನಿಧಾನವಾಗುವುದು ಸಹಜವೇ.

ಅಲ್ಲಿಯ ವಸಂತದಲ್ಲಿ, ಎಂದರೆ ಮಾರ್ಚಿ ತಿಂಗಳಿಂದ ಮುಂದಕ್ಕೆ, ನೆತ್ತಿಯಲ್ಲಿ ಹೂ ಅರಳುತ್ತದೆ. ರೇಷ್ಮೆಯಂತೆ ಹೊಳೆಯುವ ಹಳದಿಯ ಎಸಳು, ಒಳಗೆ ಕಿತ್ತಳೆಗೆಂಪಿನ ಮಡಿಲು. ಚಿಕ್ಕ ಗಿಡಗಳಲ್ಲಿ ಹೂವಿನ ಅಗಲ ಗಿಡದ ಅಗಲಕ್ಕೆ ಸರಿಸಮವಾಗುವುದೂ ಉಂಟು.

ಎಂಬತ್ತು ವರ್ಷಗಳ ಅಜ್ಞಾತವಾಸ

ನಕ್ಷತ್ರಕಳ್ಳಿ ವಿಜ್ಞಾನಿಗಳ ಕಣ್ಣಿಗೆ ಬಿದ್ದ ಕಥೆಯೂ ಸ್ವಾರಸ್ಯಕರವಾಗಿದೆ. 1843ರಲ್ಲಿ ಬವೇರಿಯಾದ ಪ್ರಕೃತಿಶಾಸ್ತ್ರಜ್ಞ ಕಾರ್ವಿನ್‌ಸ್ಕಿ ಮೆಕ್ಸಿಕೋದಲ್ಲಿ ಇದನ್ನು ಕಂಡು ಸಂಗ್ರಹಿಸಿದನು. ಮ್ಯೂನಿಕ್ ನಗರದ ಸಸ್ಯವಿಜ್ಞಾನಿ ಝುಕ್ಕರೀನಿ 1845ರಲ್ಲಿ ಅದನ್ನು ವರ್ಣಿಸಿ ಹೆಸರಿಟ್ಟನು. ಫ್ರಾನ್ಸಿನ ಲೆಮೇರ್ 1868ರಲ್ಲಿ ಅದನ್ನು ಆಸ್ಟ್ರೋಫೈಟಮ್ ಜಾತಿಗೆ ಸೇರಿಸಿದನು. ಹೆಸರು ಸ್ಥಿರವಾಯಿತು, ಆದರೆ ಹೆಸರಿನ ಒಡೆಯನೇ ಕಾಣೆ! ಮರೆಯಾಗುವ ವಿದ್ಯೆಯಲ್ಲಿ ಪಳಗಿದ ಗಿಡವನ್ನು ಮತ್ತೆ ಹುಡುಕುವವರಿಗೆ ಅದು ಸಿಕ್ಕಲೇ ಇಲ್ಲ. ಪಾಂಡವರ ಅಜ್ಞಾತವಾಸ ಒಂದೇ ವರ್ಷದ್ದು. ನಕ್ಷತ್ರಕಳ್ಳಿಯದು ಎಂಬತ್ತು ವರ್ಷಗಳದು.

1923ರಲ್ಲಿ ಪ್ರಾಗ್ ನಗರದ ಸಾಹಸಿ ಆಲ್ಬರ್ಟೋ ವೊಯ್ಟೆಕ್ ಫ್ರಿಚ್ ಮೆಕ್ಸಿಕೋಗೆ ಬಂದನು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಅಲೆದು, ಅಲ್ಲಿಯ ಆದಿವಾಸಿಗಳ ನಡುವೆ ಬಾಳಿ, ಕ್ಯಾಕ್ಟಸ್ ಬೇಟೆಗಾರನೆಂದು ಹೆಸರಾಗಿದ್ದವನು ಅವನು. ತಮೌಲಿಪಾಸಿನ ಕುರುಚಲು ಕಾಡಿನಲ್ಲಿ ಅವನಿಗೆ ನಕ್ಷತ್ರಕಳ್ಳಿ ಮತ್ತೆ ದೊರೆಯಿತು. ಕಳೆದುಹೋದ ಗಿಡ ಸಿಕ್ಕಿತೆಂಬ ಸುದ್ದಿ ಯೂರೋಪಿನ ಸಂಗ್ರಾಹಕರಲ್ಲಿ ಸಂಭ್ರಮವನ್ನು ಹುಟ್ಟಿಸಿತು. ಆದರೆ ಅಡಗಿದ್ದಷ್ಟು ಕಾಲ ಸುರಕ್ಷಿತವಾಗಿದ್ದ ಗಿಡಕ್ಕೆ ಕೀರ್ತಿಯೊಡನೆ ಕಂಟಕವೂ ಬಂದಿತು.

ಕೀರ್ತಿ ತಂದ ಕಂಟಕ

ಕಾಡಿನಿಂದ ಗಿಡ ಕೀಳುವುದು ಸುಲಭ. ಬೀಜ ಬಿತ್ತಿ ವರ್ಷಗಟ್ಟಲೆ ಕಾಯುವುದು ಕಷ್ಟ. ಮಾರುವವನಿಗೂ ಕೊಳ್ಳುವವನಿಗೂ ಸುಲಭದ ದಾರಿಯೇ ಹಿತವೆನಿಸಿದರೆ ಕಾಡು ಬರಿದಾಗದೆ ಉಳಿದೀತೆ? ನಕ್ಷತ್ರಕಳ್ಳಿ ಸ್ವಭಾವತಃ ಒಂಟಿ ಗಿಡ. ಬಾಳೆಯಂತೆ ಬುಡದಲ್ಲಿ ಮರಿಯಿಡುವುದಿಲ್ಲ. ಕಿತ್ತ ಗಿಡದ ಜಾಗದಲ್ಲಿ ಇನ್ನೊಂದು ತಲೆಯೆತ್ತಬೇಕಾದರೆ ಬೀಜವೇ ಬೀಳಬೇಕು.

ಇದಕ್ಕೆ ಇನ್ನೊಂದು ದುರದೃಷ್ಟವೂ ಜೊತೆಗೂಡಿದೆ. ಅದೇ ನೆಲದಲ್ಲಿ ಪೆಯೋಟೆ ಎಂಬ ಇನ್ನೊಂದು ಮುಳ್ಳಿಲ್ಲದ ಕ್ಯಾಕ್ಟಸ್ ಬೆಳೆಯುತ್ತದೆ. ಅಮೆರಿಕದ ಮೂಲನಿವಾಸಿಗಳ ಚರ್ಚೊಂದರ ಅನುಯಾಯಿಗಳಿಗೆ ಅದು ಪವಿತ್ರವಾದುದು. ಅವರ ಆರಾಧನೆಗಾಗಿ ಅದನ್ನು ಸಂಗ್ರಹಿಸಲು ಟೆಕ್ಸಸಿನಲ್ಲಿ ಪರವಾನಗಿ ಪಡೆದವರಿದ್ದಾರೆ. ದೂರದಿಂದ ನೋಡುವವರಿಗೆ ಎರಡೂ ಒಂದೇ ಬಗೆಯಾಗಿ ತೋರುವುದರಿಂದ ಪೆಯೋಟೆಗಾಗಿ ಬಂದ ಕತ್ತಿ ನಕ್ಷತ್ರಕಳ್ಳಿಯ ಕುತ್ತಿಗೆಗೂ ಬೀಳುವುದುಂಟು.

ಇವೆಲ್ಲಕ್ಕಿಂತ ದೊಡ್ಡ ಪೆಟ್ಟು ನೇಗಿಲಿನದು. ಮುಳ್ಳುಗಾಡನ್ನು ಬುಡಸಹಿತ ಉತ್ತು ಹೊಲವನ್ನಾಗಿಯೂ ದನಗಳಿಗೆ ಹುಲ್ಲುಗಾವಲನ್ನಾಗಿಯೂ ಮಾಡಿದುದರಿಂದ ನಕ್ಷತ್ರಕಳ್ಳಿಗೆ ನೆರಳಾಗಿದ್ದ ಪೊದೆಗಳೇ ಇಲ್ಲವಾದವು. ಮೇವಿಗೆಂದು ಹೊರದೇಶದಿಂದ ತಂದ ಬಫೆಲ್ ಹುಲ್ಲು ಉಳಿದ ನೆಲವನ್ನೂ ಆಕ್ರಮಿಸುತ್ತಿದೆ. ಇದನ್ನೆಲ್ಲ ಕಂಡು ಅಮೆರಿಕ ಸರ್ಕಾರವು 1993ರಲ್ಲಿ ಇದನ್ನು ಅಳಿವಿನಂಚಿನ ಸಸ್ಯವೆಂದು ಘೋಷಿಸಿತು. ಅದಕ್ಕೂ ಮೊದಲೇ, 1987ರಲ್ಲಿ, ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ‘ಸೈಟಿಸ್’ ಒಪ್ಪಂದದ ಅತಿ ಕಟ್ಟುನಿಟ್ಟಾದ ಮೊದಲನೆಯ ಪಟ್ಟಿಗೆ ಇದು ಸೇರಿತ್ತು. ಕಾಡಿನಿಂದ ಕಿತ್ತ ಗಿಡವನ್ನು ದೇಶದಿಂದ ದೇಶಕ್ಕೆ ಮಾರುವುದು ಅಂದಿನಿಂದ ನಿಷಿದ್ಧ. ಈ ಒಪ್ಪಂದಕ್ಕೆ ಭಾರತವೂ ಭಾಗಿಯಾಗಿದೆ.

ಒಂಟಿ ಹೂವಿಗೆ ಕಾಯಿಲ್ಲ

ಗಿಡಗಳು ಕಡಮೆಯಾದರೇನು, ಉಳಿದವು ಬೀಜ ಕಟ್ಟಿ ಹೆಚ್ಚಲಾರವೆ ಎಂದು ಕೇಳಬಹುದು. ಇಲ್ಲಿಯೇ ಇರುವುದು ಈ ಸಸ್ಯದ ಸೂಕ್ಷ್ಮ. ನಕ್ಷತ್ರಕಳ್ಳಿ ತನ್ನ ಪರಾಗವನ್ನು ತಾನೇ ಒಪ್ಪದು. ಒಂದು ಗಿಡದ ಪರಾಗ ಬೇರೊಂದು ಗಿಡದ ಹೂವನ್ನು ಮುಟ್ಟಿದರಲ್ಲದೆ ಕಾಯಿ ಕಟ್ಟುವುದಿಲ್ಲ. ಈ ಕೆಲಸವನ್ನು ಮಾಡುವುದು ಕಾಡುಜೇನ್ನೊಣಗಳು, ಅದರಲ್ಲಿಯೂ ಕ್ಯಾಕ್ಟಸ್ ಹೂಗಳನ್ನೇ ನೆಚ್ಚಿದ, ಗೂಡು ಕಟ್ಟಿ ಗುಂಪಾಗಿ ಬಾಳದ ಒಂದು ಜಾತಿಯ ದುಂಬಿಯಂತಹ ನೊಣ. ಗಿಡಗಳು ಹತ್ತಿರ ಹತ್ತಿರ ಇದ್ದರೆ ನೊಣ ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ. ಹತ್ತರಲ್ಲಿ ಒಂಬತ್ತನ್ನು ಕಿತ್ತೊಯ್ದರೆ ಉಳಿದ ಒಂದು ವರ್ಷವರ್ಷವೂ ಅರಳಿ ವರ್ಷವರ್ಷವೂ ಬಂಜೆಯಾಗಿಯೇ ಬಾಡುತ್ತದೆ. ಕಾಡಿನಲ್ಲಿ ಗಿಡ ಜೀವಂತವಾಗಿರುವುದು ಕಂಡರೂ ಅದರ ವಂಶ ನಿಂತುಹೋಗಿರುತ್ತದೆ.

ಕಾಯಿ ಕಟ್ಟಿದರೆ ಅದರೊಳಗಿನ ಬೀಜಗಳೂ ನೋಡತಕ್ಕವೇ. ಕ್ಯಾಕ್ಟಸ್‌ಗಳ ಲೆಕ್ಕದಲ್ಲಿ ಅವು ದೊಡ್ಡವು. ಕಪ್ಪುಮಿಶ್ರಿತ ಕಂದು ಬಣ್ಣದ, ಹೊಳಪಿನ, ಪುಟ್ಟ ಬೋಗುಣಿಯಂತೆ ಒಳಗೆ ಟೊಳ್ಳಾದ ಬೀಜಗಳು. ನೀರಿನ ಮೇಲೆ ತೇಲಬಲ್ಲವಾದುದರಿಂದ ಮಳೆಯ ನೀರು ಹರಿದತ್ತ ದೋಣಿಯಂತೆ ಸಾಗಿ ಹೊಸ ನೆಲೆ ಸೇರುತ್ತವೆ.

ಬೀಜದಿಂದ ಬೆಳೆಸುವ ಬಗೆ

ಕಾಡಿನಲ್ಲಿ ಇಷ್ಟು ತೊಡಕಿನ ಬಾಳು ನಡೆಸುವ ಗಿಡ ಕುಂಡದಲ್ಲಿ ಮಾತ್ರ ಬೀಜದಿಂದ ಸುಲಭವಾಗಿ ಬರುತ್ತದೆ. ಬೇಕಾದುದು ಹಣವಲ್ಲ, ತಾಳ್ಮೆ. ಬೀಜ ಹೊಸದಾಗಿರಬೇಕು, ಹಳತಾದಂತೆ ಮೊಳೆಯುವ ಶಕ್ತಿ ಬೇಗನೆ ಕುಂದುತ್ತದೆ. ದಪ್ಪ ಮರಳು ಅಥವಾ ಇಟ್ಟಿಗೆಯ ಸಣ್ಣ ಚೂರು ಎರಡು ಪಾಲು, ಚೆನ್ನಾಗಿ ಕಳಿತು ಜರಡಿ ಹಿಡಿದ ಎಲೆಗೊಬ್ಬರ ಒಂದು ಪಾಲು ಬೆರಸಿ, ಕುದಿಯುವ ನೀರು ಹೊಯ್ದು ಆರಿಸಿಕೊಳ್ಳಬೇಕು. ಮಣ್ಣಿನೊಳಗಿನ ಬೂಷ್ಟು ಎಳೆಯ ಸಸಿಗಳ ಮೊದಲ ಶತ್ರು. ತೂತುಳ್ಳ ಚಿಕ್ಕ ತಟ್ಟೆಗೆ ಇದನ್ನು ತುಂಬಿ ಬೀಜಗಳನ್ನು ಮೇಲೆಯೇ ಹರಡಬೇಕು, ಮಣ್ಣಿನಲ್ಲಿ ಹೂಳಬಾರದು. ತಟ್ಟೆಯನ್ನು ನೀರಿನಲ್ಲಿಟ್ಟು ತಳದಿಂದ ತೇವ ಏರುವಂತೆ ಮಾಡಿ, ಮೇಲೆ ಗಾಜನ್ನು ಮುಚ್ಚಿ, ಬೆಳಕಿದ್ದು ಬಿಸಿಲು ತಾಗದ ಸ್ಥಳದಲ್ಲಿಟ್ಟರಾಯಿತು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಎರಡು ಮೂರು ದಿನಗಳಲ್ಲಿಯೇ ಮೊಳಕೆ ಕಾಣಿಸಿಕೊಳ್ಳುವುದುಂಟು. ನಮ್ಮ ನಾಡಿನಲ್ಲಿ ಬೇಸಿಗೆಯ ಮೊದಲ ಭಾಗ ಇದಕ್ಕೆ ಹೇಳಿಮಾಡಿಸಿದ ಕಾಲ.

ಮೊದಲ ತಿಂಗಳುಗಳಲ್ಲಿ ಸಸಿ ಒಂದು ಹಸುರು ಸಾಸಿವೆಕಾಳಿನಂತೆ, ಆ ಬಳಿಕ ಬಟಾಣಿಯಂತೆ ಇರುತ್ತದೆ. ಅವಸರಪಡದೆ ಗಾಜನ್ನು ದಿನದಿನವೂ ಸ್ವಲ್ಪ ಸ್ವಲ್ಪವಾಗಿ ಸರಿಸಿ ಹೊರಗಿನ ಗಾಳಿಗೆ ಅಭ್ಯಾಸ ಮಾಡಿಸಬೇಕು. ಎಂಟು ಭಾಗಗಳೂ ಬಿಳಿಚುಕ್ಕೆಗಳೂ ಕ್ರಮೇಣ ಮೂಡಿ, ರಂಗೋಲಿ ತಾನಾಗಿ ತುಂಬಿಕೊಳ್ಳುತ್ತದೆ. ಹೂ ನೋಡಲು ನಾಲ್ಕೈದು ವರ್ಷಗಳಾದರೂ ಕಾಯಬೇಕು.

ಬೆಳೆದ ಗಿಡಕ್ಕೆ ನೀರು ಕೊಡುವುದರಲ್ಲಿ ಒಂದೇ ಸೂತ್ರ: ಕೊಟ್ಟಾಗ ತೃಪ್ತಿಯಾಗುವಂತೆ ಕೊಡಬೇಕು, ಮಣ್ಣು ಪೂರ್ತಿ ಒಣಗುವವರೆಗೆ ಮತ್ತೆ ಕೊಡಬಾರದು. ಚಳಿಗಾಲದಲ್ಲಿ ನೀರು ಬಹುಮಟ್ಟಿಗೆ ನಿಲ್ಲಬೇಕು. ಆಗ ಗಿಡ ಕುಗ್ಗಿದರೆ ಗಾಬರಿಪಡಬೇಕಾಗಿಲ್ಲ. ಅದು ತವರಿನ ಅಭ್ಯಾಸ. ಕನಿಕರದಿಂದ ಎರೆದ ನೀರಿಗೆ ಸತ್ತ ಕ್ಯಾಕ್ಟಸ್‌ಗಳು ಬರಗಾಲಕ್ಕೆ ಸತ್ತವಕ್ಕಿಂತ ಹೆಚ್ಚು. ಮಲೆನಾಡು ಕರಾವಳಿಗಳಲ್ಲಿ ಮಳೆಗಾಲದ ಹನಿ ತಾಗದಂತೆ ಸೂರು ಅವಶ್ಯಕ. ಬಯಲುಸೀಮೆಯಲ್ಲಿಯೂ ಜಡಿಮಳೆಯ ದಿನಗಳಲ್ಲಿ ಕುಂಡವನ್ನು ಒಳಕ್ಕೆ ಸರಿಸುವುದು ಲೇಸು. ಪೊದೆಯ ನೆರಳಿನಲ್ಲಿ ಹುಟ್ಟಿದ ಗಿಡವಾದುದರಿಂದ ಬೆಳಗಿನ ಎಳೆಬಿಸಿಲು ಹಿತ. ನಡುಹಗಲಿನ ಬೇಸಿಗೆಯ ಬಿಸಿಲು ಮೈ ಸುಡುತ್ತದೆ. ವಯಸ್ಸಾದಂತೆ ಬುಡದ ತೊಗಲು ಮರದ ತೊಗಟೆಯಂತೆ ಕಂದಾಗುವುದು ರೋಗವಲ್ಲ.

ಹಿಟ್ಟುತಿಗಣೆ ಮತ್ತು ಕೆಂಪು ನುಸಿ ಇದಕ್ಕೆ ಬರುವ ಸಾಮಾನ್ಯ ಪೀಡೆಗಳು. ಬಿಳಿಚುಕ್ಕೆಗಳ ನಡುವೆ ಬಿಳಿಯ ತಿಗಣೆ ಅಡಗಿದರೆ ಗುರುತಿಸುವುದು ಕಷ್ಟವಾದುದರಿಂದ ಆಗಾಗ ಹತ್ತಿರದಿಂದ ನೋಡುತ್ತಿರಬೇಕು. ಕಂಡೊಡನೆ ಸ್ಪಿರಿಟ್ಟಿನಲ್ಲಿ ಅದ್ದಿದ ಕುಂಚದಿಂದ ಒರಸಿ ತೆಗೆಯಬೇಕು. ಕಾಯಲು ಒಲ್ಲದವರು ಎಳೆಯ ಸಸಿಯನ್ನು ಬೇಗ ಬೆಳೆಯುವ ಬೇರೊಂದು ಕ್ಯಾಕ್ಟಸ್ಸಿಗೆ ಕಸಿ ಕಟ್ಟುವುದೂ ಉಂಟು. ಇಂದು ನಮ್ಮ ರೈತರು ಹಣ್ಣಿಗಾಗಿ ಬೆಳೆಯುತ್ತಿರುವ ಡ್ರ್ಯಾಗನ್ ಬಳ್ಳಿಯೇ ಇದಕ್ಕೆ ಒಳ್ಳೆಯ ಆಧಾರ. ಹರಿತವಾದ ಶುದ್ಧ ಅಲಗಿನಿಂದ ಎರಡನ್ನೂ ಕೊಯ್ದು, ನಡುವಿನ ನಾಳಗಳ ಉಂಗುರಗಳು ಒಂದಕ್ಕೊಂದು ತಾಗುವಂತೆ ಕೂಡಿಸಿ, ಕೆಲವು ದಿನ ಹಗುರವಾಗಿ ಕಟ್ಟಿಟ್ಟರೆ ಬೆಸೆದುಕೊಳ್ಳುತ್ತವೆ. ಬೆಳವಣಿಗೆ ವೇಗವಾಗುವುದು ನಿಜ. ಆದರೆ ನೆಲಕ್ಕೆ ಒತ್ತಿಕೊಂಡಿರುವ ಸಹಜ ಚೆಲುವು ಹಾಗೆ ಕಂಬದ ಮೇಲೆ ಕುಳಿತ ಗಿಡಕ್ಕೆ ಬಾರದು.

ಎರಡು ಗಿಡಗಳು ಒಂದೇ ಕಾಲಕ್ಕೆ ಅರಳಿದರೆ ಮನುಷ್ಯನೇ ಜೇನ್ನೊಣದ ಪಾತ್ರ ವಹಿಸಬಹುದು. ಬಿಸಿಲೇರಿ ಹೂ ಪೂರ್ತಿ ತೆರೆದಾಗ ಮೆದುವಾದ ಕುಂಚದಿಂದ ಒಂದರ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿದರೆ ಕಾಯಿ ಕಟ್ಟುತ್ತದೆ. ಒಂದು ಮನೆಯ ಎರಡು ಗಿಡಗಳಿಂದ ಊರಿನ ಆಸಕ್ತರಿಗೆಲ್ಲ ಸಸಿ ಹಂಚಬಹುದು.

ಸಂಗ್ರಾಹಕನ ಧರ್ಮ

ಜಪಾನಿನ ಬೆಳೆಗಾರರು ಹೀಗೆ ತಲೆಮಾರುಗಳ ಕಾಲ ಆಯ್ದು ಆಯ್ದು ಬಿತ್ತಿ, ಬಿಳಿಚುಕ್ಕೆಗಳು ಹಿಮದಂತೆ ಮುಸುಕಿದ ‘ಸೂಪರ್ ಕಬುತೊ’ ಮೊದಲಾದ ತಳಿಗಳನ್ನು ರೂಪಿಸಿದ್ದಾರೆ. ಕಾಡಿನ ಗಿಡಕ್ಕಿಂತ ಅಂದವಾದ ಗಿಡ ಬೀಜದಿಂದಲೇ ಬರುತ್ತಿರುವಾಗ ಕಾಡಿಗೆ ಗುದ್ದಲಿ ಹಾಕುವುದು ಅಪರಾಧವಷ್ಟೇ ಅಲ್ಲ, ಅವಿವೇಕವೂ ಹೌದು. ಆದುದರಿಂದ ಕೊಳ್ಳುವವರು ಗಿಡದ ಮೂಲವನ್ನು ವಿಚಾರಿಸದೆ ಕೊಳ್ಳಬಾರದು. ಸಮನಾದ ಬೆಳವಣಿಗೆ, ಕಲೆಯಿಲ್ಲದ ಮೈ – ಇವು ಕುಂಡದಲ್ಲಿ ಹುಟ್ಟಿದ ಗಿಡದ ಲಕ್ಷಣಗಳು. ಗಾಯದ ಕಲೆಗಳುಳ್ಳ, ಬೇರು ಹರಿದ, ವಯಸ್ಸಾದ ಗಿಡವನ್ನು ಅಪರೂಪದ ವಸ್ತುವೆಂದು ಹೊಗಳಿ ಮಾರುವವರಿದ್ದರೆ ಅಲ್ಲಿ ಅನುಮಾನಕ್ಕೆ ಎಡೆಯುಂಟು.

ಮನೆಯಲ್ಲಿ ಬೆಳೆದುದನ್ನು ಕಾಡಿಗೆ ಹಿಂದಿರುಗಿಸಿದರೆ ಸಾಲದೆ ಎಂಬ ಪ್ರಶ್ನೆ ಏಳುವುದು ಸಹಜ. ಅದು ಅಷ್ಟು ಸುಲಭವಲ್ಲ. ಕುಂಡದ ಗಿಡಗಳಲ್ಲಿ ನಾನಾ ಜಾತಿಗಳ ರಕ್ತ ಬೆರೆತಿರುತ್ತದೆ; ಕಾಡಿಗೆ ಬೇಕಾದುದು ಅದೇ ನೆಲದ ಬೀಜ. ಆ ಪ್ರಯತ್ನವೂ ನಡೆದಿದೆ. ಸ್ಟಾರ್ ಕೌಂಟಿಯಲ್ಲಿ ಈ ಗಿಡಕ್ಕಾಗಿಯೇ ಕಾಪಾಡಿದ ‘ಲಾಸ್ ಎಸ್ಟ್ರೆಯಾಸ್’ ಎಂಬ ರಕ್ಷಿತ ಪ್ರದೇಶವಿದೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದಕ್ಕೆ ‘ನಕ್ಷತ್ರಗಳು’ ಎಂದರ್ಥ. ಅಲ್ಲಿ ವಿಜ್ಞಾನಿಗಳು ನೇರವಾಗಿ ಬೀಜ ಬಿತ್ತಿಯೂ ನೋಡಿದರು, ಮೊದಲೇ ಬೆಳೆಸಿದ ಸಸಿಗಳನ್ನು ನೆಟ್ಟೂ ನೋಡಿದರು. ಬಿತ್ತಿದ ಬೀಜಗಳಿಗಿಂತ ನೆಟ್ಟ ಸಸಿಗಳೇ ಹೆಚ್ಚಾಗಿ ಉಳಿದವು. ತೋಟಗಾರನ ತಟ್ಟೆಯಲ್ಲಿ ಕಲಿತ ವಿದ್ಯೆ ಹೀಗೆ ಕಾಡಿನ ನೆರವಿಗೆ ಬಂದಿತು.

ಆ ಮುಳ್ಳುಗಾಡಿನಿಂದ ಸಾವಿರಾರು ಮೈಲಿ ದೂರದಲ್ಲಿ ಕುಂಡವಿಟ್ಟುಕೊಂಡವನಿಗೆ ಇಷ್ಟು ದೊಡ್ಡ ಕಾರ್ಯ ಸಾಧ್ಯವಿಲ್ಲದಿರಬಹುದು. ಆದರೆ ಅವನು ಬೀಜದಿಂದ ಬೆಳೆಸಿ ನೆರೆಯವನಿಗೆ ಕೊಟ್ಟ ಪ್ರತಿಯೊಂದು ಸಸಿಯೂ ಕಾಡಿನ ಒಂದು ಗಿಡದ ಮೇಲಣ ಆಸೆಯನ್ನು ಅಷ್ಟರಮಟ್ಟಿಗೆ ತಗ್ಗಿಸುತ್ತದೆ. ತಾಳಿದವನು ಬಾಳಿಯಾನು ಎಂಬ ನಾಣ್ಣುಡಿ ಇಲ್ಲಿ ಗಿಡಕ್ಕೂ ಸಲ್ಲುತ್ತದೆ, ಗಿಡ ಸಾಕುವವನಿಗೂ ಸಲ್ಲುತ್ತದೆ. ನಾಲ್ಕೈದು ವರ್ಷ ಕಾದು, ತಾನು ಬಿತ್ತಿದ ಸಾಸಿವೆಕಾಳಿನಷ್ಟು ಹಸುರು ಒಂದು ಮುಂಜಾನೆ ಹಳದಿಯ ಮೊಗ್ಗನ್ನು ತಳೆದುದನ್ನು ಕಾಣುವ ಸಂತೋಷವು, ಕಿತ್ತು ತಂದ ಗಿಡವನ್ನು ಹಣ ಕೊಟ್ಟು ಕೊಂಡವನಿಗೆ ಎಂದಿಗೂ ದೊರೆಯದು.